ಪುಸ್ತಕಕ್ಕೊಂದು ಆಸನ

ಮಕ್ಕಳನ್ನು ಶಾಲೆಗೆ ಕಳುಹಿಸದೆ ಮನೆಯಲ್ಲಿಯೇ ವಿದ್ಯಾಭ್ಯಾಸ ಮಾಡಿಸಬೇಕೆಂದು ನಿಶ್ಚಯಿಸಿದ ತಂದೆತಾಯಿಗಳು ಮೊದಲು ಚಿಂತಿಸುವುದು ಪಠ್ಯಕ್ರಮವನ್ನು ಕುರಿತು, ಅನಂತರ ಪರೀಕ್ಷೆಗಳನ್ನು ಕುರಿತು, ಆಮೇಲೆ ಮದುವೆ ಮುಂಜಿಗಳಲ್ಲಿ ಎದುರಾಗುವ ಬಂಧುಗಳ ಪ್ರಶ್ನೆಗಳಿಗೆ ಹೇಳಬೇಕಾದ ಸಮಾಧಾನವನ್ನು ಕುರಿತು. ಪುಸ್ತಕವನ್ನು ಎಲ್ಲಿ ಇಡಬೇಕು, ಮಗು ಯಾವ ಭಂಗಿಯಲ್ಲಿ ಕುಳಿತು ಅದನ್ನು ನೋಡಬೇಕು, ಕಲಿಸುವವರು ಆ ಪುಸ್ತಕಕ್ಕೆ ಎದುರಾಗಿ ಕೂರಬೇಕೋ ಮಗುವಿಗೆ ಎದುರಾಗಿ ಕೂರಬೇಕೋ ಎಂಬ ವಿಚಾರ ಆ ಚಿಂತೆಗಳ ನಡುವೆ ತಲೆಯೆತ್ತುವುದೇ ಅಪರೂಪ. ಶಾಲೆಯಲ್ಲಾದರೆ ಈ ಪ್ರಶ್ನೆಗಳನ್ನೆಲ್ಲ ಬೆಂಚು, ಡೆಸ್ಕು, ಕರಿಹಲಗೆಗಳು ಮೊದಲೇ ತೀರ್ಮಾನಿಸಿಬಿಟ್ಟಿರುತ್ತವೆ. ಮನೆಯಲ್ಲಿ ಅಂಥ ಏರ್ಪಾಡು ಏನೂ ಇರುವುದಿಲ್ಲವಾದುದರಿಂದ, ಬೆಳಗಿನ ಪಾಠ ಊಟದ ಮೇಜಿನ ಮೇಲೂ, ಹನ್ನೊಂದರ ಪಾಠ ಅಡುಗೆಮನೆಯ ಹೊಸ್ತಿಲಲ್ಲೂ, ಮಧ್ಯಾಹ್ನದ ಪಾಠ ಹಜಾರದ ಚಾಪೆಯಲ್ಲೂ ನಡೆದು, ಮಕ್ಕಳು ಒಮ್ಮೆ ಬೋರಲು ಮಲಗಿ, ಒಮ್ಮೆ ಮಂಡಿಯ ಮೇಲೆ ಪುಸ್ತಕವಿಟ್ಟು, ಒಮ್ಮೆ ಗೋಡೆಗೆ ಒರಗಿ ಓದುತ್ತಿರುತ್ತಾರೆ. ಇಂಥ ಮನೆಗೆ ಬೇಕಾದುದು ಪಾಠದ ಕೋಣೆಯಲ್ಲ, ಪಾಠ ಹೋದೆಡೆಗೆಲ್ಲ ಹೋಗಬಲ್ಲ ಒಂದು ಪುಸ್ತಕಪೀಠ ಎಂಬ ಅಭಿಪ್ರಾಯ ನನ್ನಲ್ಲಿ ಬೆಳೆದದ್ದು ಮೈಸೂರಿನಲ್ಲಿರುವ ನನ್ನ ತಂಗಿಯ ಸಂಸಾರವನ್ನು ನೋಡುತ್ತ.

ಆಕೆಗೆ ಇಬ್ಬರು ಮಕ್ಕಳು, ಹನ್ನೆರಡು ವರ್ಷದ ಮಗಳು, ಎಂಟು ವರ್ಷದ ಮಗ. ಇಬ್ಬರೂ ಮನೆಯಲ್ಲಿಯೇ ಕಲಿಯುತ್ತಾರೆ. ಆ ಮನೆಯ ದೇವರ ಕೋಣೆಯಲ್ಲಿ, ನಮ್ಮ ನಾಡಿನ ಎಷ್ಟೋ ಮನೆಗಳಲ್ಲಿರುವಂತೆಯೇ, ತೇಗದ ಒಂದು ವ್ಯಾಸಪೀಠವಿತ್ತು. ಅದರ ಮೇಲೆ ಕೆಂಪು ರೇಷ್ಮೆಯ ಚೌಕದಲ್ಲಿ ಸುತ್ತಿದ ಭಗವದ್ಗೀತೆಯೊಂದು, ವರ್ಷಕ್ಕೊಮ್ಮೆ ಸರಸ್ವತೀ ಪೂಜೆಯಂದು ಅರಿಸಿನ ಕುಂಕುಮ ಪಡೆಯುವುದರ ಹೊರತು ಇನ್ನಾವ ಕಾರಣಕ್ಕೂ ತೆರೆಯಲ್ಪಡದೆ, ಬಹುಕಾಲದಿಂದ ವಿರಾಜಿಸುತ್ತಿತ್ತು. ಮಗ ಪುಸ್ತಕದ ಮೇಲೆ ಕವುಚಿಕೊಂಡು ಓದುವುದನ್ನು ಕಂಡು ಬೇಸತ್ತ ತಂಗಿ, ಆ ಪೀಠವನ್ನು ಮಕ್ಕಳ ಓದಿಗೆ ತೆಗೆದುಕೊಳ್ಳಬಹುದೇ ಎಂದು ಅತ್ತೆಯವರನ್ನು ಸಂಕೋಚದಿಂದಲೇ ಕೇಳಿದಳು. "ಗಣಿತದ ಪುಸ್ತಕಾನೂ ಸರಸ್ವತಿಯೇ ಅಲ್ವೇನಮ್ಮ? ತಗೊಂಡು ಹೋಗು. ಎಂಜಲು ಕೈಯಲ್ಲಿ ಮಾತ್ರ ಮುಟ್ಟಕೂಡದು ಅಂತ ಮಕ್ಕಳಿಗೆ ಹೇಳಿಡು" ಎಂದರು ಆ ಹಿರಿಯರು. ಗೀತೆಗೆ ಒಂದು ಮಣೆ ದೊರೆಯಿತು. ಪೀಠ ಹೊರಗೆ ಬಂದಿತು. ಆ ಮನೆಯಲ್ಲಿ ಎಂಜಲ ನಿಯಮ ಇಂದಿಗೂ ನಡೆಯುತ್ತದೆ. ಪುಸ್ತಕಗಳ ಪುಟಗಳು ಜಿಡ್ಡಾಗದೆ ಉಳಿದಿರುವುದಕ್ಕೆ ಅದೂ ಒಂದು ಕಾರಣ.

ಈ ವ್ಯಾಸಪೀಠದ ರಚನೆಯನ್ನು ಒಮ್ಮೆಯಾದರೂ ಕೈಯಲ್ಲಿ ಹಿಡಿದು ಪರಿಶೀಲಿಸುವುದು ಉಚಿತ. ಮಡಿಚಿದಾಗ ಅದು ಒಂದೇ ಹಲಗೆ. ಬಿಡಿಸಿದರೆ ಒಂದನ್ನೊಂದು ಅಡ್ಡಹಾಯ್ದ ಎರಡು ಹಲಗೆಗಳು. ಮೇಲಿನ ಎರಡು ರೆಕ್ಕೆಗಳು ಪುಸ್ತಕವನ್ನು ಆತುಕೊಳ್ಳುತ್ತವೆ, ಕೆಳಗಿನ ಎರಡು ಕಾಲುಗಳು ನೆಲವನ್ನು ಆತುಕೊಳ್ಳುತ್ತವೆ. ಆದರೆ ಎಲ್ಲಿಯೂ ಮೊಳೆಯಿಲ್ಲ, ತಿರುಪಿಲ್ಲ, ಕೀಲಿನ ಕಬ್ಬಿಣವಿಲ್ಲ, ಅಂಟೂ ಇಲ್ಲ. ಒಳ್ಳೆಯ ಪೀಠ ಎರಡು ಹಲಗೆಗಳನ್ನು ಜೋಡಿಸಿ ಮಾಡಿದುದಲ್ಲ, ಒಂದೇ ಹಲಗೆಯನ್ನು ಬಿಡಿಸಿ ಮಾಡಿದುದು. ಬಡಗಿ ಹಲಗೆಯ ದಪ್ಪವನ್ನು ಎರಡು ತುದಿಗಳಿಂದಲೂ ಗರಗಸದಿಂದ ಸೀಳುತ್ತ ಬಂದು, ನಡುವಿನ ಪಟ್ಟಿಯ ಹತ್ತಿರ ನಿಲ್ಲಿಸುತ್ತಾನೆ. ಆ ಪಟ್ಟಿಯಲ್ಲಿ ಗೆರೆಗಳನ್ನೆಳೆದು, ಒಂದು ಬಿಟ್ಟು ಒಂದರಂತೆ ಮೇಲಿನಿಂದಲೂ ಕೆಳಗಿನಿಂದಲೂ ಉಳಿಯಿಂದ ದುಂಡಾಗಿ ಕೆತ್ತುತ್ತ, ಎರಡು ಕೈಗಳ ಬೆರಳುಗಳನ್ನು ಹೆಣೆದುಕೊಂಡಂತೆ ಗೆಣ್ಣುಗಳನ್ನು ಬಿಡಿಸುತ್ತಾನೆ. ಕೊನೆಯ ನಾರು ಕಡಿದ ಕ್ಷಣದಲ್ಲಿ ಹಲಗೆ ತೆರೆದುಕೊಳ್ಳುತ್ತದೆ, ಆದರೆ ಬೇರ್ಪಡುವುದಿಲ್ಲ. ಅದನ್ನು ಬೇರ್ಪಡಿಸಬೇಕಾದರೆ ಒಡೆಯಲೇ ಬೇಕು. ಇದೇ ರಚನೆಯ ಪೀಠಗಳನ್ನು ಮುಸಲ್ಮಾನ ಬಾಂಧವರು ಕುರಾನ್ ಪಠಣಕ್ಕೆ ರೆಹಲ್ ಎಂಬ ಹೆಸರಿನಿಂದ ಬಳಸುತ್ತಾರೆ. 1360ರಲ್ಲಿ ಹಸನ್ ಇಬ್ನ್ ಸುಲೇಮಾನ್ ಎಂಬ ಇಸ್ಫಹಾನಿನ ಕುಶಲಿ ಕೆತ್ತಿದ, ಹೂಬಳ್ಳಿಗಳಿಂದ ತುಂಬಿದ ಅಂಥ ಒಂದು ಪೀಠ ನ್ಯೂಯಾರ್ಕಿನ ಮೆಟ್ರೋಪಾಲಿಟನ್ ವಸ್ತುಸಂಗ್ರಹಾಲಯದಲ್ಲಿದೆ. ದೇಶ, ಮತ, ಭಾಷೆಗಳು ಬೇರೆಯಾದರೂ, ನೆಲದ ಮೇಲೆ ಕುಳಿತು ಓದುವ ಈ ಜನರು ತಮ್ಮ ಪೂಜ್ಯಗ್ರಂಥವನ್ನು ನೆಲದಿಂದೆತ್ತಿ ಕಣ್ಣಿಗೆ ಸಮೀಪ ತರಲು ಒಂದೇ ಉಪಾಯವನ್ನು ಆಶ್ರಯಿಸಿರುವುದನ್ನು ನೆನೆದರೆ ನನಗೆ ಸಂತೋಷವಾಗುತ್ತದೆ.

ಗೌರವದ ದೃಷ್ಟಿಯಿಂದ ಹುಟ್ಟಿದ ಈ ಏರ್ಪಾಡು ದೇಹದ ದೃಷ್ಟಿಯಿಂದಲೂ ಸರಿಯಾದುದು. ಪುಸ್ತಕ ನೆಲದ ಮೇಲೆ ಚಪ್ಪಟೆಯಾಗಿ ಮಲಗಿದ್ದರೆ, ಪುಟದ ಕೆಳಗಿನ ಸಾಲುಗಳು ಹತ್ತಿರವೂ ಮೇಲಿನ ಸಾಲುಗಳು ದೂರವೂ ಆಗಿ, ದೂರದ ಅಕ್ಷರಗಳು ಓರೆಯಿಂದ ಕುಗ್ಗಿ ಕಾಣುತ್ತವೆ. ಒತ್ತಕ್ಷರಗಳೂ ದೀರ್ಘಗಳೂ ತುಂಬಿದ ನಮ್ಮ ಲಿಪಿಯಲ್ಲಿ ಈ ಕುಗ್ಗುವಿಕೆ ಎಳೆಯ ಓದುಗನಿಗೆ ನಿಜವಾದ ತೊಡಕು. ಅದನ್ನು ಪರಿಹರಿಸಿಕೊಳ್ಳಲು ಮಗು ತನಗರಿವಿಲ್ಲದೆಯೇ ಮುಂದಕ್ಕೆ ಬಾಗುತ್ತದೆ. ವಯಸ್ಕರ ತಲೆಯ ತೂಕ ಸುಮಾರು ಐದು ಕಿಲೋ. ಆ ತಲೆ ಮುಂದಕ್ಕೆ ಬಾಗಿದಷ್ಟೂ ಕತ್ತಿನ ಮೇಲಣ ಭಾರ ಹೆಚ್ಚುತ್ತ ಹೋಗುತ್ತದೆಂಬುದನ್ನು 2014ರಲ್ಲಿ ಅಮೆರಿಕದ ಬೆನ್ನುಮೂಳೆಯ ಶಸ್ತ್ರವೈದ್ಯ ಕೆನೆತ್ ಹಂಸರಾಜ್ ಲೆಕ್ಕಹಾಕಿ ತೋರಿಸಿದರು. ಅವರ ಗಣನೆಯಂತೆ 15 ಡಿಗ್ರಿ ಬಾಗಿದಾಗ ಆ ಭಾರ ಸುಮಾರು 12 ಕಿಲೋ, 60 ಡಿಗ್ರಿ ಬಾಗಿದಾಗ ಸುಮಾರು 27 ಕಿಲೋ. ಮೊಬೈಲ್ ಹಿಡಿದು ಬಾಗುವ ದೊಡ್ಡವರನ್ನು ಉದ್ದೇಶಿಸಿದ ಈ ಅಂಕಿಗಳು ಮಕ್ಕಳಿಗೆ ಹಾಗೆಯೇ ಅನ್ವಯಿಸಲಾರವಾದರೂ, ಬಾಗುವಿಕೆ ಮತ್ತು ಭಾರಗಳ ಸಂಬಂಧ ಎಲ್ಲ ಕತ್ತುಗಳಿಗೂ ಒಂದೇ. ಪುಸ್ತಕವನ್ನು ಎತ್ತಿ ಓರೆಯಾಗಿ ನಿಲ್ಲಿಸಿದರೆ ಪುಟ ದೃಷ್ಟಿಗೆ ಅಭಿಮುಖವಾಗುತ್ತದೆ, ಬೆನ್ನು ತಾನಾಗಿ ನೆಟ್ಟಗಾಗುತ್ತದೆ. ಮಗುವಿನ ಮೊಣಕೈಯಿಂದ ಅದರ ಮುಷ್ಟಿಯ ಗೆಣ್ಣಿನವರೆಗೆ ಎಷ್ಟು ಅಂತರವೋ ಕಣ್ಣಿನಿಂದ ಪುಟಕ್ಕೆ ಕನಿಷ್ಠ ಅಷ್ಟು ಅಂತರವಿರಲಿ ಎಂಬುದು ದೃಷ್ಟಿಪರೀಕ್ಷಕರು ಬಳಸುವ ಸರಳವಾದ ಅಳತೆ. ತಂಗಿಯ ಮಗ ಪೀಠದ ಮುಂದೆ ಕುಳಿತೊಡನೆ ಮುಷ್ಟಿಯನ್ನು ಕೆನ್ನೆಗಿಟ್ಟು, ಮೊಣಕೈ ಪುಟಕ್ಕೆ ತಾಗುವುದೇ ಎಂದು ನೋಡಿ, ತಾಗಿದರೆ ಪೀಠವನ್ನು ಒಂದಿಷ್ಟು ಮುಂದಕ್ಕೆ ದೂಡುತ್ತಾನೆ.

ಎರಡು ರೆಕ್ಕೆಗಳ ನಡುವೆ ಅರ್ಧ ತೆರೆದು ಕೂರುವ ಪುಸ್ತಕಕ್ಕೂ ಇದು ಹಿತ. ಪೂರ್ತಿ ಮಲಗಿಸಿ ಅದುಮಿದರೆ ಹೊಲಿಗೆ ಬಿರಿಯುವ ಹಳೆಯ ಪುಸ್ತಕಗಳನ್ನು ಗ್ರಂಥಾಲಯಗಳಲ್ಲಿಯೂ ಇಂಥ ಓರೆಯ ಆಸರೆಗಳಲ್ಲಿಯೇ ಇಟ್ಟು ಓದಲು ಕೊಡುತ್ತಾರೆ. ಆದರೆ ವ್ಯಾಸಪೀಠ ಎಲ್ಲ ಪುಸ್ತಕಗಳಿಗೂ ಒದಗುವುದಿಲ್ಲ. ತೆಳುರಟ್ಟಿನ ಪಠ್ಯಪುಸ್ತಕ ಅದರ ಮೇಲೆ ನಿಲ್ಲದೆ ಬಾಗಿ ಜಾರುತ್ತದೆ. ಗಾಳಿ ಬಂದರೆ ಪುಟ ತಾನೇ ಮಗುಚುತ್ತದೆ. ಆದುದರಿಂದ ತಂಗಿಯ ಮನೆಯಲ್ಲಿ ಅಂಗಡಿಯಿಂದ ತಂದ ಇನ್ನೊಂದು ಪೀಠವೂ ಇದೆ. ಬಿದಿರಿನ ಹಲಗೆ, ಬೆನ್ನಹಿಂದೆ ಓರೆಯನ್ನು ಹೆಚ್ಚುಕಡಮೆ ಮಾಡಲು ನಾಲ್ಕಾರು ಕಚ್ಚುಗಳು, ಕೆಳಗೆ ಪುಸ್ತಕ ಕೂರುವ ತೊಟ್ಟಿ, ಪುಟಗಳನ್ನು ಹಿಡಿದಿಡುವ ಎರಡು ತಂತಿಯ ಕೈಗಳು. ಪಠ್ಯಪುಸ್ತಕಕ್ಕೆ ಇದೇ ಮೇಲು. ತಂತಿಯಿಂದಲೇ ಬಗ್ಗಿಸಿ ಮಾಡಿದ ಅಗ್ಗದ ಪೀಠಗಳೂ ದೊರೆಯುತ್ತವೆ; ದಪ್ಪ ನಿಘಂಟನ್ನಿಟ್ಟೊಡನೆ ಹಿಂದಕ್ಕೆ ವಾಲುವ ಅವು ಮಕ್ಕಳಿರುವ ಮನೆಗೆ ತಕ್ಕವಲ್ಲ. ಹೊಳಪು ಕಾಗದದ ಪುಸ್ತಕವನ್ನು ಹೆಚ್ಚು ನೆಟ್ಟಗೆ ನಿಲ್ಲಿಸಿದರೆ ಟ್ಯೂಬ್‌ಲೈಟಿನ ಬೆಳಕು ಪುಟದಿಂದ ನೇರವಾಗಿ ಕಣ್ಣಿಗೆ ಹೊಡೆಯುವುದರಿಂದ, ದೀಪ ಪಕ್ಕದಿಂದ ಬೀಳುವಂತೆ ಪೀಠವನ್ನು ತಿರುಗಿಸಿಕೊಳ್ಳಬೇಕಾಗುತ್ತದೆ.

ಇಷ್ಟೆಲ್ಲ ಹೇಳಿದರೂ ನನ್ನ ಮನಸ್ಸಿನಲ್ಲಿರುವ ಮುಖ್ಯ ಮಾತನ್ನು ಇನ್ನೂ ಹೇಳಿದಂತಾಗಲಿಲ್ಲ. ಪುಸ್ತಕಕ್ಕೆ ತನ್ನದೇ ಒಂದು ಆಸನ ದೊರೆತಾಗ ಕಲಿಸುವವರ ಆಸನವೂ ಬದಲಾಗುತ್ತದೆ. ತರಗತಿಯಲ್ಲಿ ಉಪಾಧ್ಯಾಯರು ಮಕ್ಕಳಿಗೆ ಎದುರಾಗಿ ನಿಲ್ಲುತ್ತಾರೆ, ನಲವತ್ತು ಮಕ್ಕಳಿರುವಲ್ಲಿ ಬೇರೆ ಉಪಾಯವೂ ಇಲ್ಲ. ಆ ಭಂಗಿಯನ್ನೇ ಮನೆಗೆ ತಂದು, ತಾಯಿ ಮಗುವಿನೆದುರು ಪುಸ್ತಕ ಹಿಡಿದು ಕುಳಿತರೆ, ಪುಸ್ತಕ ಆಕೆಯ ಕಡೆಗೆ ಮುಖಮಾಡಿ, ಮಗುವಿಗೆ ಕಾಣುವುದು ಅದರ ರಟ್ಟು ಮಾತ್ರ. ತಾಯಿ ಕೇಳುವವಳೂ ಮಗು ಒಪ್ಪಿಸುವವನೂ ಆಗಿ, ಪಾಠವೆಂಬುದು ಪ್ರತಿಕ್ಷಣದ ಪರೀಕ್ಷೆಯಾಗುತ್ತದೆ. ಮಡಿಲಲ್ಲಿಟ್ಟುಕೊಂಡರೆ ಮಗು ಪಕ್ಕದಿಂದ ಓರೆಯಾಗಿ ಇಣುಕಬೇಕಾಗುತ್ತದೆ. ಪೀಠದ ಮೇಲಿಟ್ಟಾಗ ಇಬ್ಬರೂ ಅದರ ಒಂದೇ ಬದಿಗೆ ಬಂದು, ಹೆಗಲಿಗೆ ಹೆಗಲು ತಾಗಿಸಿ, ಎದುರಿಗಿರುವ ಮೂರನೆಯದೊಂದನ್ನು ಕೂಡಿ ನೋಡಬೇಕಾಗುತ್ತದೆ. ಗೊತ್ತಿಲ್ಲದ ಸಂಗತಿ ಆಗ ಇಬ್ಬರಿಗೂ ಎದುರಿಗಿರುತ್ತದೆ. ಮಗು ತಪ್ಪಿದರೆ ತಾಯಿಯ ಮುಖವನ್ನು ನೋಡುವುದಿಲ್ಲ, ಮತ್ತೆ ಪುಟವನ್ನೇ ನೋಡುತ್ತದೆ.

ಒಂದು ಮಧ್ಯಾಹ್ನ ನಾನು ಅಲ್ಲಿದ್ದಾಗ ಹುಡುಗ ಜೇನುಹುಳುಗಳನ್ನು ಕುರಿತ ಪಾಠವನ್ನು ಗಟ್ಟಿಯಾಗಿ ಓದುತ್ತಿದ್ದ. ಪೀಠ ಕಿಟಕಿಯ ಬಳಿ ಚಾಪೆಯ ಮೇಲಿತ್ತು. ಬೆರಳು ಅಕ್ಷರದಿಂದ ಅಕ್ಷರಕ್ಕೆ ಸಾಗುತ್ತ, "ಗೂಡಿಗೆ ಹಿಂದಿರುಗಿದ ಹುಳು" ಎಂಬಲ್ಲಿಗೆ ಬಂದಾಗ ಅವನು ತಡೆದು, ತಾಯಿಯ ಕಡೆ ತಿರುಗದೆಯೇ, "ಅಮ್ಮಾ, ನೀನು ಮುಂದಿನ ಸಾಲಿಗೆ ಹೋಗ್ಬೇಡ. ನಾನಿನ್ನೂ ಇಲ್ಲೇ ಇದೀನಿ" ಎಂದ. ಒಂದೇ ಪುಟವನ್ನು ಒಟ್ಟಿಗೆ ನೋಡುತ್ತಿದ್ದುದರಿಂದ, ಅವಳ ಉಸಿರಿನ ಲಯದಲ್ಲೋ ತಲೆಯ ಅಲುಗಾಟದಲ್ಲೋ ಅವಳ ಕಣ್ಣು ಮುಂದೆ ಓಡಿದುದನ್ನು ಅವನು ಅರಿತಿದ್ದ. ತಂಗಿ ಹಿಂದಿನ ಸಾಲಿಗೆ ಬಂದಳು. ಅವನು "ನೃತ್ಯ" ಎಂಬ ಶಬ್ದವನ್ನು ಎರಡು ಸಲ ಬಿಡಿಸಿ ಮೂರನೆಯ ಸಲ ಕೂಡಿಸಿ ಓದಿದ. ಆಮೇಲೆ ಹುಳುಗಳು ನೃತ್ಯ ಮಾಡಿ ಹೂವಿನ ದಾರಿಯನ್ನು ಹೇಗೆ ಹೇಳುತ್ತವೆ ಎಂಬ ಪ್ರಶ್ನೆ ಬಂತು. ಪಾಠದಲ್ಲಿ ಉತ್ತರ ಪೂರ್ತಿಯಾಗಿ ಇರಲಿಲ್ಲ. ಅಕ್ಕ ಬೇರೊಂದು ಪುಸ್ತಕ ತಂದು, ಮೊದಲನೆಯದನ್ನು ಎತ್ತಿ, ಇದನ್ನು ಪೀಠದ ಮೇಲಿರಿಸಿದಳು. ಮೂರು ತಲೆಗಳು ಅದರ ಮೇಲೆ ಸೇರಿದವು.

ಈ ದೃಶ್ಯ ನನಗೆ ಹೊಸದಾಗಿ ತೋರಲಿಲ್ಲ. ನಮ್ಮ ಗಮಕದ ಸಭೆಗಳಲ್ಲಿ ಕುಮಾರವ್ಯಾಸ ಭಾರತವೋ ಲಕ್ಷ್ಮೀಶನ ಜೈಮಿನಿಯೋ ಪೀಠದ ಮೇಲೆ ತೆರೆದಿರುತ್ತದೆ. ವಾಚನಕಾರರು ಪದ್ಯವನ್ನು ರಾಗದಲ್ಲಿ ಓದುತ್ತಾರೆ. ಪಕ್ಕದಲ್ಲಿ ಕುಳಿತ ವ್ಯಾಖ್ಯಾನಕಾರರು ಅದರ ಅರ್ಥವನ್ನು ಬಿಡಿಸುತ್ತಾರೆ. ಒಬ್ಬರು ಕಂಠ, ಒಬ್ಬರು ಅರ್ಥ. ಇಬ್ಬರಿಗೂ ಗ್ರಂಥವೇ ಪ್ರಮಾಣ. ಗಮಕಕ್ಕಾಗಿ 2022ರಲ್ಲಿ ಪದ್ಮಶ್ರೀ ಪುರಸ್ಕಾರ ಪಡೆದ, ಶಿವಮೊಗ್ಗದ ಹತ್ತಿರದ ಮತ್ತೂರಿನ ಎಚ್. ಆರ್. ಕೇಶವಮೂರ್ತಿಗಳಂಥ ವಿದ್ವಾಂಸರು ಬಾಳಿಸಿದ ಈ ಪದ್ಧತಿಯಲ್ಲಿ ಮನೆಯ ಪಾಠಕ್ಕೆ ಒಂದು ಮಾದರಿಯಿದೆಯೆಂದು ನಾನು ನಂಬುತ್ತೇನೆ. ತಂಗಿಯ ಮನೆಯಲ್ಲಿ ಸಂಜೆಯ ಓದನ್ನು ಹೀಗೆಯೇ ಹಂಚಿಕೊಳ್ಳುತ್ತಾರೆ. ಒಂದು ದಿನ ತಮ್ಮ ಓದಿದರೆ ಅಕ್ಕ ಅರ್ಥ ಹೇಳಬೇಕು. ಮರುದಿನ ಅಕ್ಕನ ಓದಿಗೆ ತಮ್ಮನ ಅರ್ಥ. ತನಗಿಂತ ದೊಡ್ಡವಳ ಪಾಠಕ್ಕೆ ಅರ್ಥ ಹೇಳಬೇಕಾದ ದಿನ ಆ ಹುಡುಗ ತೋರುವ ಶ್ರದ್ಧೆ ಅವನ ಸ್ವಂತ ಪಾಠದ ದಿನಗಳಲ್ಲಿ ಕಾಣುವುದಿಲ್ಲ.

ಮನೆಯಲ್ಲಿ ಕಲಿಸುವುದು ಈಚಿನ ನಗರಗಳ ವಿಲಾಸವೆಂದು ತಿಳಿದವರು ಹಿಂದಿನ ದಾಖಲೆಗಳನ್ನು ನೋಡಬೇಕು. ಮದ್ರಾಸು ಆಧಿಪತ್ಯದ ಗವರ್ನರ್ ಥಾಮಸ್ ಮನ್ರೋ 1822ರಲ್ಲಿ ಆಜ್ಞೆ ಮಾಡಿ ಸಂಗ್ರಹಿಸಿದ ವರದಿಗಳಲ್ಲಿ, ಮದ್ರಾಸು ನಗರವೊಂದರಲ್ಲೇ ಮನೆಯಲ್ಲಿ ಪಾಠ ಕಲಿಯುತ್ತಿದ್ದ ಮಕ್ಕಳು 26,000ಕ್ಕೂ ಮಿಕ್ಕಿದ್ದರೆಂದೂ, ಅದು ಅಲ್ಲಿನ ಶಾಲೆಗಳ ಮಕ್ಕಳ ಸುಮಾರು ಐದುಪಟ್ಟೆಂದೂ ಬರೆದಿದೆ. ಈ ಸಂಖ್ಯೆಯಲ್ಲಿ ತಪ್ಪಿರಬಹುದೆಂದು ಮನ್ರೋ ಸಂಶಯಿಸಿದ್ದುಂಟು. ಆದರೂ ಮನೆಯಲ್ಲಿ ಕಲಿಯುವವರು ಬಹುಮಂದಿ ಎಂಬುದನ್ನು ಅವನು ಅಲ್ಲಗಳೆಯಲಿಲ್ಲ. ಅದೇ ವಿಚಾರಣೆಗೆ ಉತ್ತರವಾಗಿ 1823ರಲ್ಲಿ ಬಳ್ಳಾರಿಯ ಕಲೆಕ್ಟರ್ ಕ್ಯಾಂಪ್‌ಬೆಲ್ ಕಳುಹಿಸಿದ ವರದಿ ಆ ಜಿಲ್ಲೆಯಲ್ಲಿ 533 ಶಾಲೆಗಳನ್ನೂ 6,641 ವಿದ್ಯಾರ್ಥಿಗಳನ್ನೂ ಎಣಿಸುತ್ತದೆ. ಲೆಕ್ಕ ಹಾಕಿದರೆ ಶಾಲೆಯೊಂದಕ್ಕೆ ಹನ್ನೆರಡು ಹದಿಮೂರು ಮಕ್ಕಳು. ಪಾಠ ಹೇಳುವ ಅಯ್ಯನವರ ಜಗಲಿ ಹಿಡಿಸುವಷ್ಟೇ. ಕೂಲಿಮಠಗಳೆಂಬ ಆ ಕಾಲದ ಶಾಲೆಗಳಲ್ಲಿ ಮಕ್ಕಳು ಮರಳಿನ ಮೇಲೆ ಬೆರಳಿನಿಂದ ಅಕ್ಷರ ತಿದ್ದಿ, ಅನಂತರ ಕಡತದ ಮೇಲೆ ಬಳಪದಿಂದ ಬರೆಯುತ್ತಿದ್ದರು. ಬಟ್ಟೆಗೆ ಹುಣಿಸೆಬೀಜದ ಸರಿಯನ್ನೂ ಇದ್ದಿಲ ಪುಡಿಯನ್ನೂ ಬಳಿದು ಒಣಗಿಸಿ ಮಡಿಕೆ ಮಡಿಕೆಯಾಗಿ ಮಡಿಚಿದ ಆ ಕಡತವೂ, ತಾಳೆಗರಿಯ ಕಟ್ಟೂ, ಮಡಿಚುವ ಪೀಠವೂ ಎಲ್ಲವೂ ಕಂಕುಳಲ್ಲಿ ಹೊತ್ತು ಹೋಗಬಹುದಾದವು. ಕಟ್ಟಡಕ್ಕೆ ಅಂಟಿಕೊಳ್ಳದ ವಿದ್ಯೆಗೆ ಕಟ್ಟಡಕ್ಕೆ ಅಂಟಿಕೊಳ್ಳದ ಉಪಕರಣಗಳು ನಮ್ಮಲ್ಲಿದ್ದವು. ಆ ವಿದ್ಯೆ ಎಷ್ಟೋ ಮಂದಿಗೆ, ವಿಶೇಷವಾಗಿ ಹೆಣ್ಣುಮಕ್ಕಳಿಗೂ ತುಳಿಯಲ್ಪಟ್ಟ ಜಾತಿಗಳವರಿಗೂ, ಬಾಗಿಲು ಮುಚ್ಚಿತ್ತೆಂಬುದನ್ನು ಮಾತ್ರ ಅದನ್ನು ಹೊಗಳುವಾಗ ಮರೆಯತಕ್ಕದ್ದಲ್ಲ. ಆ ಬಾಗಿಲನ್ನು ತೆರೆದದ್ದು ಸರ್ಕಾರಿ ಶಾಲೆ. ಆದುದರಿಂದಲೇ ಮನೆಯ ಪಾಠದ ಪರವಾಗಿ ನಾನು ಬರೆಯುವ ಯಾವ ಮಾತೂ ಶಾಲೆಯ ವಿರುದ್ಧದ ಮಾತಲ್ಲ.

ಕಾನೂನಿನ ಸ್ಥಿತಿಯನ್ನು ಸಂಕ್ಷೇಪವಾಗಿ ಹೇಳಿದರೆ ಸಾಕು. 2009ರ ಶಿಕ್ಷಣ ಹಕ್ಕು ಕಾಯಿದೆ ಆರರಿಂದ ಹದಿನಾಲ್ಕು ವರ್ಷದ ಮಕ್ಕಳನ್ನು ಶಾಲೆಗೆ ಸೇರಿಸುವುದು ತಂದೆತಾಯಿಗಳ ಕರ್ತವ್ಯವೆನ್ನುತ್ತದೆ. ಮನೆಯಲ್ಲಿ ಕಲಿಸುವವರನ್ನು ಕುರಿತು ಪ್ರತ್ಯೇಕವಾಗಿ ಏನನ್ನೂ ಹೇಳುವುದಿಲ್ಲ. ಇಂಥ ಮಕ್ಕಳಲ್ಲಿ ಹಲವರು ಮುಂದೆ, 1989ರಲ್ಲಿ ಸ್ಥಾಪಿತವಾದ ರಾಷ್ಟ್ರೀಯ ಮುಕ್ತ ಶಾಲಾ ಸಂಸ್ಥೆಯ ಮೂಲಕ ಹತ್ತನೆಯ ತರಗತಿಗೆ ಸಮಾನವಾದ ಪರೀಕ್ಷೆಗೆ ಕೂರುತ್ತಾರೆ. ಅದಕ್ಕೆ ಹದಿನಾಲ್ಕು ವರ್ಷ ತುಂಬಿರಬೇಕು. ತಂಗಿಯ ಮಗಳು ಆ ದಾರಿಯನ್ನೇ ಹಿಡಿಯುವವಳಿದ್ದಾಳೆ.

ಪೀಠ ಹಗುರವಾಗಿರುವುದರ ಫಲ ಅಡುಗೆಮನೆಯಲ್ಲಿ ಚೆನ್ನಾಗಿ ಕಾಣುತ್ತದೆ. ತಂಗಿ ಚಪಾತಿಗೆ ಹಿಟ್ಟು ಕಲಸುತ್ತಿರುವಾಗ ಕಟ್ಟೆಯ ಒಣಗಿದ ತುದಿಯಲ್ಲಿ, ಒಲೆಗೂ ನಲ್ಲಿಗೂ ದೂರವಾಗಿ, ಬಿದಿರಿನ ಪೀಠ ನಿಂತಿರುತ್ತದೆ. ಮಗಳು ಬೀಜಗಣಿತದ ಸಮಸ್ಯೆಯನ್ನು ಓದಿ, ಕೆಳಗೆ ಕುಳಿತು ಬಿಡಿಸಿ, ಉತ್ತರ ಹೇಳುತ್ತಾಳೆ. ಹಿಟ್ಟು ಮೆತ್ತಿದ ಕೈಗಳನ್ನು ಎತ್ತದೆಯೇ ತಾಯಿ ಪುಟವನ್ನು ಕಣ್ಣಿನಿಂದ ನೋಡಿ, "ಎರಡನೇ ಹೆಜ್ಜೆಯಲ್ಲಿ ಚಿಹ್ನೆ ಬದಲಾಯಿಸಿದ್ಯಾ, ನೋಡು" ಎನ್ನುತ್ತಾಳೆ. ಮನೆಗೆಲಸವನ್ನೂ ಪಾಠವನ್ನೂ ಬೇರೆ ಬೇರೆ ಹೊತ್ತುಗಳಿಗೆ ಹಂಚಲಾರದ ಗೃಹಿಣಿಗೆ ಹೀಗೆ ಎರಡು ಕೈಗಳೂ ಬಿಡುವಾಗಿರುವುದು ಸಣ್ಣ ಅನುಕೂಲವಲ್ಲ. ಸಂಜೆಯ ಅಡುಗೆಯನ್ನು ತಂಗಿಯ ಗಂಡ ವಹಿಸಿಕೊಳ್ಳುವ ದಿನಗಳಲ್ಲಿ ಅದೇ ಪೀಠ ಅದೇ ಕಟ್ಟೆಯ ಮೇಲೆ ಅವರಿಗೂ ಒದಗುತ್ತದೆ; ಆ ಹೊತ್ತಿನ ಪಾಠ ಸಾಮಾನ್ಯವಾಗಿ ಇತಿಹಾಸ.

ಪೀಠವನ್ನು ಹಿತ್ತಿಲಿಗೆ ಒಯ್ಯಬಹುದೆಂಬುದು ಇದಕ್ಕಿಂತ ಮಹತ್ತ್ವದ್ದು. ಚೀನಾದ ಗ್ವಾಂಗ್‌ಝೌ ನಗರದ ಶಾಲೆಗಳಲ್ಲಿ ಒಂದನೆಯ ತರಗತಿಯ ಮಕ್ಕಳಿಗೆ ಪ್ರತಿದಿನ 40 ನಿಮಿಷ ಹೆಚ್ಚಾಗಿ ಬಯಲಿನ ಚಟುವಟಿಕೆ ಕೊಟ್ಟು ಮೂರು ವರ್ಷ ಗಮನಿಸಿದಾಗ, ಅವರಲ್ಲಿ ಹೊಸದಾಗಿ ಸಮೀಪದೃಷ್ಟಿ ತೋರಿದವರು ಶೇಕಡಾ 30.4, ಹಾಗೆ ಕೊಡದ ಶಾಲೆಗಳಲ್ಲಿ ಶೇಕಡಾ 39.5. 2015ರಲ್ಲಿ ಪ್ರಕಟವಾದ ಈ ಅಧ್ಯಯನ ಹೇಳುವುದು ಬಯಲಲ್ಲಿ ಆಡುವುದನ್ನು ಕುರಿತು. ಬಯಲಲ್ಲಿ ಕುಳಿತು ಓದುವುದನ್ನು ಅದು ಅಳೆದಿಲ್ಲ. ಆದರೂ ಹಗಲ ಬೆಳಕಿನಲ್ಲಿ ಕಳೆಯುವ ಹೊತ್ತು ಕಣ್ಣಿಗೆ ಹಿತವೆಂದು ತಿಳಿದಮೇಲೆ, ಓದಿನ ಒಂದು ಭಾಗವನ್ನಾದರೂ ಸೀಬೆಮರದ ನೆರಳಿಗೆ ಸಾಗಿಸುವುದು ವಿವೇಕವೇ ಸರಿ. ಅಲ್ಲಿ ಓದುವ ಮಗು ಪುಟದಿಂದ ತಲೆಯೆತ್ತಿದರೆ ಕಣ್ಣು ಗೋಡೆಗೆ ತಾಗದೆ ದೂರದ ತೆಂಗಿನ ತಲೆಯವರೆಗೆ ಹೋಗುತ್ತದೆ. ಓದು ಮುಗಿದೊಡನೆ ಪೀಠವನ್ನು ಮಡಿಚಿ ಮೊಳೆಗೆ ತೂಗುಹಾಕಬೇಕೆಂಬುದು ಆ ಮನೆಯ ಇನ್ನೊಂದು ನಿಯಮ. ಶಾಲೆಯ ಗಂಟೆಯಿಲ್ಲದ ಮನೆಯಲ್ಲಿ ಪಾಠ ಇಡೀ ದಿನಕ್ಕೆ ಹರಡಿಕೊಂಡು ಆಟವನ್ನೂ ಸೋಮಾರಿತನದ ಸುಖವನ್ನೂ ನುಂಗಿಬಿಡುವ ಅಪಾಯವಿರುತ್ತದೆ. ಪೀಠ ಮೊಳೆಗೇರಿತೆಂದರೆ ಆ ಮಕ್ಕಳನ್ನು ಮತ್ತೆ ಯಾರೂ ಏನನ್ನೂ ಕೇಳುವಂತಿಲ್ಲ.

ಬರವಣಿಗೆಗೆ ಮಾತ್ರ ಈ ಪೀಠಗಳು ನಿರುಪಯುಕ್ತ. ಕೈಯ ಒತ್ತಡಕ್ಕೆ ಅಲುಗುವ ಆಸರೆಯ ಮೇಲೆ ಬರೆದ ಮಗುವಿನ ಅಕ್ಷರ ಕೆಡುತ್ತದೆ. ಶಾನುಭೋಗರು ಮುಂದಿಟ್ಟುಕೊಂಡು ಬರೆಯುತ್ತಿದ್ದಂಥ, ಇಳಿಜಾರು ಮುಚ್ಚಳದ ಕುಳ್ಳ ಡೆಸ್ಕು ಅದಕ್ಕೆ ಬೇಕು. ಇಲ್ಲವೇ ಗಟ್ಟಿಯಾದ ಮೇಜು. ಪರೀಕ್ಷೆಯ ಕೊಠಡಿಯಲ್ಲಿ ಮೂರು ಗಂಟೆಗಳ ಕಾಲ ಚಪ್ಪಟೆ ಡೆಸ್ಕಿನ ಮೇಲೆ ಬರೆಯಬೇಕಾಗುವುದರಿಂದ, ಮಗಳು ಈಗಾಗಲೇ ವಾರದಲ್ಲಿ ಕೆಲವು ಬೆಳಗುಗಳನ್ನು ಊಟದ ಮೇಜಿನ ಮೇಲೆ ಪೀಠವಿಲ್ಲದೆ ಬರೆಯುವುದಕ್ಕೆ ಮೀಸಲಿಟ್ಟಿದ್ದಾಳೆ.

ಈಗ ಇಬ್ಬರು ಮಕ್ಕಳಿಗೂ ಒಂದೇ ಹೊತ್ತಿನಲ್ಲಿ ವ್ಯಾಸಪೀಠ ಬೇಕಾಗಿ ಜಗಳಗಳಾಗುತ್ತಿರುವುದರಿಂದ, ತಂಗಿ ಪರಿಚಯದ ಬಡಗಿಯೊಬ್ಬರಿಗೆ ಇನ್ನೊಂದನ್ನು ಮಾಡಲು ಹೇಳಿದ್ದಾಳೆ. ತೇಗ ದುಬಾರಿಯಾದುದರಿಂದ ಹಲಸಿನ ಹಲಗೆ. ಗಂಟಿಲ್ಲದ, ನಾರು ಉದ್ದಕ್ಕೆ ನೇರವಾಗಿ ಹರಿದ, ಚೆನ್ನಾಗಿ ಒಣಗಿದ ತುಂಡನ್ನೇ ಆರಿಸಬೇಕೆಂದು ಬಡಗಿಯೇ ತಿಳಿಸಿದರು, ಏಕೆಂದರೆ ಹಸಿಮರದ ಗೆಣ್ಣು ಬೇಸಗೆಯಲ್ಲಿ ಸಡಿಲಾಗಿ ಮಳೆಗಾಲದಲ್ಲಿ ಬಿಗಿಯುತ್ತದೆಯಂತೆ. ಅಳತೆಗಾಗಿ ಹುಡುಗನನ್ನು ಚಕ್ಕಳಮಕ್ಕಳ ಹಾಕಿ ಕೂರಿಸಿ, ನೆಲದಿಂದ ಅವನ ಎದೆಯವರೆಗೆ ದಾರ ಹಿಡಿದು ಗುರುತು ಮಾಡಿಕೊಂಡು ಹೋಗಿದ್ದಾರೆ. ರೆಕ್ಕೆಗಳ ಕೆಳಗಿನ ಅಂಚಿನಲ್ಲಿ ಅರ್ಧ ಬೆರಳಿನಷ್ಟು ಎತ್ತರದ ತಡೆಪಟ್ಟಿಯನ್ನು ಅದೇ ಮರದಲ್ಲಿ ಬಿಟ್ಟು ಕೆತ್ತಬೇಕೆಂದು ತಂಗಿ ಕೇಳಿಕೊಂಡಿದ್ದಾಳೆ, ತೆಳುರಟ್ಟಿನ ಪಠ್ಯಪುಸ್ತಕಗಳೂ ಜಾರದೆ ನಿಲ್ಲಲೆಂದು. ಹುಡುಗ ಮಾತ್ರ ಬಡಗಿಯ ಬಳಿ ಬೇರೊಂದು ಕೋರಿಕೆಯನ್ನು ಸಲ್ಲಿಸಿದ್ದಾನೆ: ಕೊನೆಯ ನಾರು ಕಡಿದು ಹಲಗೆ ತೆರೆಯುವ ದಿನ ತನ್ನನ್ನು ಅಲ್ಲಿಗೆ ಕರೆಯಬೇಕು. ಅವರು ಒಪ್ಪಿದ್ದಾರೆ.